ಕಾಳುಮೆಣಸು ಕೊಯ್ಯೋ ಏಣಿ ಮಾಡೋ ಶೆಡ್ಡು: ಬಿದಿರಲ್ಲೇ ಇರೋದಾ, ಅಲ್ಯೂಮಿನಿಯಂಗೆ ಹೋಗೋದಾ? ಮಾಡಿದವರು ಹೇಳಿ

ಬೇಲೂರು ಕಡೆಯಿಂದ:
ಅಜ್ಜನ ಕಾಲದ ಶೆಡ್ಡು. ಅಜ್ಜ ಒಂಟಿ ಬಿದಿರಿನ ಏಣಿ ಮಾಡ್ತಿದ್ರು, ಅಪ್ಪ ಜೋಡಿ ಗಳದ್ದು. ಮೆಣಸಿನ ಬಳ್ಳಿ ಹಾಲುವಾಣದ ಮರದ ಮೇಲಿದ್ದಾಗ 16 ಅಡಿ ಸಾಕಿತ್ತು. ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೇಲೆ 24, 30 ಅಡಿ ಕೇಳ್ತಾರೆ. ಈಗ ಶೆಡ್ಡು ನನ್ನ ಕೈಗೆ ಬಂದಿದೆ. ಆರ್ಗಾನ್ ವೆಲ್ಡಿಂಗ್ ಮೆಷಿನ್ ಇಲ್ಲ. ಅಲ್ಯೂಮಿನಿಯಂ ಶುರು ಮಾಡಬಹುದಾ?

ಸಕಲೇಶಪುರ, ಬಿದಿರು ಕೆಲಸ:
ಬಿಡಬೇಡಿ. ಬಿದಿರಿಗೆ ಕೆಟ್ಟ ಹೆಸರು ತಂದಿದ್ದು ಎಳೇ ಗಳ. ಮೂರು ವರ್ಷ ದಾಟಿದ್ದೇ ಬೇಕು. ಹೊದಿಕೆ ಉದುರಿರಬೇಕು, ಮೈಮೇಲಿನ ಬಿಳಿ ಪುಡಿ ಹೋಗಿರಬೇಕು, ಕತ್ತಿ ಬೆನ್ನಲ್ಲಿ ಬಡಿದರೆ ಟಣ್ ಅನ್ನಬೇಕು. ಕಡಿಯೋದು ಮಳೆ ಬಿಟ್ಟ ಮೇಲೆ. ಮಳೆಗಾಲದಲ್ಲಿ ಬಿದಿರ ಮೆಳೆಗೆ ಕೈ ಹಾಕಿದರೆ ಕಳಲೆ (ಎಳೇ ಮೊಳಕೆ) ಮುರಿದು ಮುಂದಿನ ಗಳವೂ ಇಲ್ಲ.

ಕುಟ್ಟೆ ಹುಳ ಹಿಡಿಯೋದು ಗಳದ ಒಳಗಿನ ಪಿಷ್ಟಕ್ಕೆ. 100 ಲೀಟರ್ ನೀರಿಗೆ 3 ಕೆಜಿ ಬೊರಾಕ್ಸ್, 2 ಕೆಜಿ ಬೋರಿಕ್ ಆಸಿಡ್ ಕರಗಿಸಿ ಒಂದು ವಾರಕ್ಕೆ ಕಡಿಮೆ ಇಲ್ಲದಂತೆ ಮುಳುಗಿಸಿ. ಮೆಟ್ಟಿಲಾಗೋ ಗೂಟದ ತೂತು ಕೊರೆದ ಮೇಲೇ ಮುಳುಗಿಸಬೇಕು, ಇಲ್ಲದಿದ್ರೆ ಗಿಣ್ಣಿನ ನಡುವಿನ ಪೊಳ್ಳಿಗೆ ದ್ರಾವಣ ಇಳಿಯೋದೇ ಇಲ್ಲ. ಹೊರಗಿನ ಸಿಪ್ಪೆ ಒಂದು ಹನಿ ಹೀರಲ್ಲ. ಆಮೇಲೆ ನೆರಳಲ್ಲಿ ನಿಲ್ಲಿಸಿ ಆರು ವಾರ ಒಣಗಿಸಿ. ಈ ಔಷಧಿ ಮಳೆಗೆ ತೊಳೆದು ಹೋಗುತ್ತೆ, ಕೊಂಡವರಿಗೆ ಇದನ್ನ ಹೇಳಿಯೇ ಕೊಡಿ.

ತೂತು ಗಿಣ್ಣಿನ ಮೇಲ್ಗಡೆ, ಗಿಣ್ಣಿಗೆ ಒತ್ತಿಕೊಂಡೇ ಇರಬೇಕು. ನಡುವೆ ಕೊರೆದರೆ ಮೊದಲ ಬೇಸಿಗೆಗೇ ಸೀಳುತ್ತೆ. ಗೂಟಕ್ಕೆ ಮತ್ತಿ ಮರದ ಚೇಗು (ಗಟ್ಟಿ ತಿರುಳು) ಹಾಕಿ, ಸಿಲ್ವರ್ ಬೇಡವೇ ಬೇಡ. ಮೂರು ಮೆಟ್ಟಿಲಿಗೊಂದು ಬೈಂಡಿಂಗ್ ವೈರ್ ಕಟ್ಟು.

ಚಿಕ್ಕಮಗಳೂರು, ಅಲ್ಯೂಮಿನಿಯಂ ಫ್ಯಾಬ್ರಿಕೇಷನ್:
ಬಿದಿರು ಸಿಗಬೇಕಲ್ಲ ಅಣ್ಣ. ಹೆಬ್ಬಿದಿರು ಒಮ್ಮೆ ಹೂ ಬಿಟ್ಟರೆ ಇಡೀ ಮೆಳೆ ಸಾಯುತ್ತೆ, ಮತ್ತೆ ಗಳ ಕೊಡೋಕೆ ವರ್ಷಗಟ್ಟಲೆ ಬೇಕು. ವರ್ಕ್‌ಶಾಪ್ ಅಷ್ಟು ದಿನ ಬಾಗಿಲು ಹಾಕಿರೋಕಾಗುತ್ತಾ?

ಲೆಕ್ಕ ನೋಡಿ. 24 ಅಡಿ ಏಣಿ, 50 ಎಂಎಂ ಪೈಪು, 2 ಎಂಎಂ ದಪ್ಪ. ಎರಡು ಕಾಲಿಗೆ (ಪಕ್ಕದ ಉದ್ದ ಪೈಪಿಗೆ) ಸುಮಾರು 12 ಕೆಜಿ, 23 ಮೆಟ್ಟಿಲಿಗೆ 3 ಕೆಜಿ ಚಿಲ್ಲರೆ. ಒಟ್ಟು 15 ಕೆಜಿ, ಒಬ್ಬ ಆಳು ಹೊರ್ತಾನೆ. ದಪ್ಪ ಎರಡೂವರೆ ಮಾಡಿದರೆ ಕಾಲಿಗೇ 2.8 ಕೆಜಿ ಏರುತ್ತೆ. ಕೆಜಿಗೆ 350 ಅಂತ ಹಿಡಿದರೂ 980 ರೂಪಾಯಿ ಜಾಸ್ತಿ. ಆ ಅರ್ಧ ಎಂಎಂ ಉಳಿಸೋಕೆ ಹೋಗಿ ಒಂದೂವರೆ ಎಂಎಂ ಪೈಪಲ್ಲಿ ಏಣಿ ಮಾಡಿ ಮಾರ್ತಾರಲ್ಲ, ಅವರಿಂದಲೇ ನಮ್ಮೆಲ್ಲರ ಹೆಸರು ಹಾಳು.

16 ಅಡಿ ಬಾರ್ ಮೂರು ತಗೊಳ್ಳಿ. ಒಂದನ್ನ 8 ಮತ್ತು 8 ಕತ್ತರಿಸಿ. ಎಡಗಾಲಿಗೆ ಕೆಳಗೆ 16 ಮೇಲೆ 8, ಬಲಗಾಲಿಗೆ ಕೆಳಗೆ 8 ಮೇಲೆ 16. ಚೂರೂ ವೇಸ್ಟ್ ಇಲ್ಲ, ಎರಡು ಜೋಡಣೆ ಒಂದೇ ಎತ್ತರಕ್ಕೆ ಬರಲ್ಲ, ನಟ್ಟನಡುವೆಯೂ ಬರಲ್ಲ. 12 ಮತ್ತು 12 ಸೇರಿಸಿದರೆ ಏಣಿ ಅತಿ ಹೆಚ್ಚು ಬಾಗೋ ಜಾಗದಲ್ಲೇ ಜೋಡಣೆ ಕೂರುತ್ತೆ. ಜೋಡಣೆ ಒಳಗೆ 2 ಅಡಿ ತೋಳು ಪೈಪು (ಸ್ಲೀವ್) ಬಿಗಿಯಾಗಿ ಹೋಗಬೇಕು.

ಆರ್ಗಾನ್ ಇಲ್ಲ ಅನ್ನೋದು ಕೊರತೆ ಅಲ್ಲ. 6061 ಟಿ6 (ಕಾಯಿಸಿ ಗಟ್ಟಿ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹ) ಪೈಪಿಗೆ ಬೆಸುಗೆ ಹಾಕಿದರೆ ಅದರ ಸುತ್ತ ಒಂದು ಇಂಚು ಮೆತ್ತಗಾಗಿ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತೆ. ಕೆಳಗಿನ ಮೆಟ್ಟಿಲ ಪಕ್ಕ ಕೂದಲೆಳೆ ಬಿರುಕು ಬರೋದು ಇದರಿಂದಲೇ. ಮೆಟ್ಟಿಲ ತುದಿಯನ್ನ ಕಾಲಿನ ಆಚೆ ತೂರಿಸಿ ಹೈಡ್ರಾಲಿಕ್ ಪ್ರೆಸ್ಸಲ್ಲಿ ಅರಳಿಸಿ ಒತ್ತಿ. ದುಂಡು ಮೆಟ್ಟಿಲು ಸಡಿಲಾದರೆ ಕಾಲಡಿ ತಿರುಗುತ್ತೆ, ಆದ್ದರಿಂದ ಗೆರೆ ಇರೋ ಚಪ್ಪಟೆ ಸೆಕ್ಷನ್ ಒಳ್ಳೇದು.

ಮೂಡಿಗೆರೆ, ಲೈನ್ ಕೆಲಸ:
ಇಷ್ಟೆಲ್ಲ ಬರೆದು ಕರೆಂಟಿನ ಬಗ್ಗೆ ಒಂದು ಮಾತಿಲ್ಲ! ರಸ್ತೆ ಅಲ್ಲದ ಕಡೆ 11 ಕೆವಿ (11 ಸಾವಿರ ವೋಲ್ಟ್) ಹೊದಿಕೆ ಇಲ್ಲದ ತಂತಿ ನೆಲದಿಂದ 4.6 ಮೀಟರ್ ಇದ್ದರೆ ನಿಯಮಕ್ಕೆ ಸರಿ. ಅಂದ್ರೆ 15 ಅಡಿ. ನಿಮ್ಮ 24 ಅಡಿ ಏಣಿ ನೆಟ್ಟಗೆ ಎತ್ತಿದರೆ ತಂತಿಗಿಂತ 9 ಅಡಿ ಮೇಲೆ. ಕೊಯ್ಲಿನವರು ಮರದಿಂದ ಮರಕ್ಕೆ ಹೋಗುವಾಗ ಏಣಿ ಮಲಗಿಸಲ್ಲ, ನಿಲ್ಲಿಸಿಕೊಂಡೇ ಹೋಗ್ತಾರೆ. ತಲೆ ಮೇಲೆ ಸೊಪ್ಪು, ತಂತಿ ಕಾಣಲ್ಲ. ಜೀವ ಹೋಗೋದು ಹತ್ತುವಾಗ ಮಾತ್ರ ಅಲ್ಲ, ಹೀಗೆ ಸಾಗಿಸುವಾಗಲೂ.

ಸಕಲೇಶಪುರ, ಬಿದಿರು ಕೆಲಸ:
ಅದಕ್ಕೇ ಬಿದಿರು ಅಂದಿದ್ದು.

ಮೂಡಿಗೆರೆ, ಲೈನ್ ಕೆಲಸ:
ನಿಮ್ಮದೂ ಕಡಿಮೆ ಇಲ್ಲ ಸ್ವಾಮಿ. ಇಬ್ಬನಿ ಕುಡಿದ ಬಿದಿರೂ ಕರೆಂಟ್ ಹರಿಸುತ್ತೆ. ಅದಕ್ಕೆ ನೀವು ಬೇರೆ ಮೂರು ಮೆಟ್ಟಿಲಿಗೊಂದು ವೈರ್ ಸುತ್ತಿಸ್ತಿದ್ದೀರಿ. ನೈಲಾನ್ ಹಗ್ಗ ಸುತ್ತಿ.

ಸಕಲೇಶಪುರ, ಬಿದಿರು ಕೆಲಸ:
ಹಗ್ಗ ಬಿಸಿಲಿಗೆ ಸಡಿಲಾಗುತ್ತೆ, ಗಳ ಸೀಳೋದು ತಡೆಯೋದು ವೈರೇ. ಕಂಬ ಹತ್ತೋರು ಏಣಿ ಮಾಡೋದು ಹೇಳಿಕೊಡಬೇಕಾಗಿಲ್ಲ.

ಮೂಡಿಗೆರೆ, ಲೈನ್ ಕೆಲಸ:
ಸುಟ್ಟವರನ್ನ ಕೆಳಗಿಳಿಸೋದು ನಾವು. ಹೇಳಿಯೇ ಹೇಳ್ತೀವಿ.

ಹಾಸನ, ಫೈಬರ್ ಏಣಿ ಜೋಡಣೆ:
ಫೈಬರ್ (ಗಾಜಿನ ನಾರು, ರಾಳ ಸೇರಿದ್ದು) ಅಂತ ಇನ್ನೊಂದಿದೆ. ಅಲ್ಯೂಮಿನಿಯಂಗಿಂತ ಭಾರ, ಬೆಲೆಯೂ ಜಾಸ್ತಿ, ಮುಚ್ಚಿಡಲ್ಲ. ಸೆಕ್ಷನ್ ಎಳೆಯೋ ಮೆಷಿನ್ ಶೆಡ್ಡಿಗೆ ಆಗಲ್ಲ, ಸೆಕ್ಷನ್ ತರಿಸಿ ರಿವೆಟ್ ಹೊಡೀಬೇಕು. ಬಿಸಿಲಲ್ಲಿ ಬಿಟ್ಟರೆ ಮೇಲಿನ ರಾಳ ಸವೆದು ನಾರು ಏಳುತ್ತೆ, ಕೈಗೆ ಚುಚ್ಚಿ ತುರಿಕೆ. ಹೆಚ್ಚಿನವಕ್ಕೆ ಮೆಟ್ಟಿಲು ಅಲ್ಯೂಮಿನಿಯಮ್ಮೇ. ಕೊಳೆ ಹಿಡಿದು ಒದ್ದೆಯಾದರೆ ಅದನ್ನೂ ನಂಬಬೇಡಿ. ಆದರೂ ಲೈನ್ ಹಾದ ತೋಟಕ್ಕೆ ಅಲ್ಯೂಮಿನಿಯಂ ಮಾರೋದು ತಪ್ಪು.

ಚಿಕ್ಕಮಗಳೂರು, ಅಲ್ಯೂಮಿನಿಯಂ ಫ್ಯಾಬ್ರಿಕೇಷನ್:
ತಪ್ಪು ಅನ್ನೋಕೆ ನೀವ್ಯಾರು? ಲೈನ್ ಇದೆಯಾ ಅಂತ ಕೇಳಿಯೇ ಕೊಡ್ತೀವಿ.

ಕೊಪ್ಪ, ತೋಟದವರು:
ಯಾರೂ ಕೇಳಲ್ಲ, ಬಿಲ್ ಮಾಡಿ ಜೀಪಿಗೆ ಕಟ್ತಾರೆ ಅಷ್ಟೇ. ಇಷ್ಟಕ್ಕೂ ಬಳ್ಳಿಯನ್ನ 30 ಅಡಿ ಬಿಟ್ಟದ್ದೇ ತಪ್ಪು. 20ಕ್ಕೆ ಚಿವುಟಿ ನಿಲ್ಲಿಸಿ, ಅರ್ಧ ಅಪಾಯ ಕಡಿಮೆ. ಜೋಡಿ ಕಾಲಿನ ಏಣಿ ಬಳ್ಳಿಯನ್ನ ಮರಕ್ಕೆ ಅರೆಯುತ್ತೆ. ಅಜ್ಜನ ಒಂಟಿ ಏಣಿಯೇ ಬಳ್ಳಿಗೆ ಒಳ್ಳೇದು, ಕೊಂಬೆ ಸಂದಿಗೂ ಹೋಗುತ್ತೆ.

ಬಾಳೆಹೊನ್ನೂರು, ತೋಟದವರು:
ಪಣಿಯೂರು-1 ತಳಿಯ ಮೆಣಸು ಹಾಕಿದ್ದೀರಾ? ಅದು ದಟ್ಟ ನೆರಳು ತಡೆಯಲ್ಲ, ಬೆಳಕಿರೋ ಮೇಲ್ಗಡೆಯೇ ಫಸಲು. 20 ಅಡಿಗೆ ಚಿವುಟಿ ಅನ್ನೋದು ಕೂತಲ್ಲಿಂದ ಹೇಳೋ ಮಾತು.

ಕೊಪ್ಪ, ತೋಟದವರು:
ಹಂಗಾದ್ರೆ ವರ್ಷಾ ವರ್ಷ ಸಿಲ್ವರ್ ಕೊಂಬೆ ಕಪಾತು ಮಾಡಿಸಿ (ಸವರಿಸಿ), ಕೆಳಗೂ ಬೆಳಕು ಬೀಳುತ್ತೆ. ಕೂಲಿ ಉಳಿಸೋಕೆ ಹೋಗಿ ಆಳನ್ನ 30 ಅಡಿ ಹತ್ತಿಸಬೇಡಿ.

ಹಾಸನ, ಲೆಕ್ಕಪತ್ರ ಕೆಲಸ:
ಪ್ರೆಸ್ಸಿಗೆ ಸಾಲ ಬೇಕಾದರೆ ಒಂದು ಮಾತು. ಪಿಎಂಇಜಿಪಿ (ಸಣ್ಣ ಉದ್ಯಮಕ್ಕೆ ಕೇಂದ್ರದ ಸಾಲ-ಸಬ್ಸಿಡಿ ಯೋಜನೆ) ಮೊದಲ ಸಲದ ಸಬ್ಸಿಡಿ ಹೊಸ ಘಟಕಕ್ಕೆ, ಹಳ್ಳಿ ಕಡೆ ಸಾಮಾನ್ಯ ವರ್ಗಕ್ಕೆ 25, ವಿಶೇಷ ವರ್ಗಕ್ಕೆ (ಎಸ್‌ಸಿ, ಎಸ್‌ಟಿ, ಮಹಿಳೆಯರು ಮುಂತಾದವರು) 35 ಪರ್ಸೆಂಟ್. ಅಜ್ಜನ ಶೆಡ್ಡನ್ನೇ ಹೊಸದು ಅಂತ ತೋರಿಸಿದರೆ ಪರಿಶೀಲನೆಗೆ ಬಂದಾಗ ಸಿಕ್ಕಿಬೀಳ್ತೀರಿ.

ಸಕಲೇಶಪುರ, ಬಿದಿರು ಕೆಲಸ:
ಬಿದಿರಿಗೆ ಪ್ರೆಸ್ಸೂ ಬೇಡ, ಸಾಲವೂ ಬೇಡ. 2017ರ ತಿದ್ದುಪಡಿ ಆದ ಮೇಲೆ ಕಾಡಿನ ಹೊರಗೆ ಬೆಳೆದ ಬಿದಿರು ಕೇಂದ್ರದ ಅರಣ್ಯ ಕಾಯ್ದೆಯಲ್ಲಿ ಮರ ಅಂತ ಲೆಕ್ಕ ಇಲ್ಲ. ತೋಟದ ಬೇಲಿಗೆ ಹಾಕಿದ ಮೆಳೆಯನ್ನೇ ಮಾತಾಡಿಟ್ಟುಕೊಳ್ಳಿ, ನವೆಂಬರಲ್ಲಿ ಕಡಿದರೆ ಫೆಬ್ರವರಿ ಕೊಯ್ಲಿಗೆ ಏಣಿ ತಯಾರು.

ಚಿಕ್ಕಮಗಳೂರು, ಅಲ್ಯೂಮಿನಿಯಂ ಫ್ಯಾಬ್ರಿಕೇಷನ್:
ಬೇಲೂರಿನವರೇ, ಪ್ರೆಸ್ಸಿನ ಡೈ (ಅಚ್ಚು) ಅಳತೆ ಬೇಕಿದ್ದರೆ ಕೇಳಿ. ಮೊದಲು ಮೆಟ್ಟಿಲಿನ ಪೈಪು ತಂದು ಹೊರ ಅಳತೆ ವರ್ನಿಯರ್‌ನಲ್ಲಿ ನೋಡಿ, ಲಾಟಿನಿಂದ ಲಾಟಿಗೆ ವ್ಯತ್ಯಾಸ ಬರುತ್ತೆ. ತೂತು ಅದಕ್ಕಿಂತ ಕಾಲು ಎಂಎಂ ಮಾತ್ರ ದೊಡ್ಡದಿರಲಿ.