ಟ್ರಾಫಿಕ್‌ನಲ್ಲಿ ತೆವಳುವಾಗ ಮಾತ್ರ ಬೈಕ್ ಎಂಜಿನ್ ವಿಪರೀತ ಕಾಯುತ್ತದೆ, ಕಾರಣವೇನು?

ಎರಡುಚಕ್ರ:
ನನ್ನದು ಲಿಕ್ವಿಡ್ ಕೂಲಿಂಗ್ ಇರುವ ಒಂಟಿ ಸಿಲಿಂಡರ್ ಬೈಕ್. ವೇಗವಾಗಿ ಓಡುವಾಗ ತಾಪಮಾನದ ಗೆರೆಗಳು ಅರ್ಧದಲ್ಲೇ ನಿಲ್ಲುತ್ತವೆ. ಮಾರಿಗೊಮ್ಮೆ ನಿಲ್ಲುವ ಟ್ರಾಫಿಕ್‌ಗೆ ಸಿಕ್ಕಿಕೊಂಡರೆ ಮಾತ್ರ ಒಂದೊಂದೇ ಗೆರೆ ಏರಿ ಕೊನೆಗೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ರಸ್ತೆ ತೆರವಾಗಿ ವೇಗ ಹಿಡಿದ ಕೂಡಲೇ ಇಳಿಯುತ್ತದೆ. ಎಂಜಿನ್ ತಣಿಸುವ ದ್ರವ (ಕೂಲಂಟ್) ಎರಡು ಗುರುತುಗಳ ನಡುವೆ ಇದೆ, ಆಯಿಲ್ ಮಟ್ಟವೂ ಸರಿಯಾಗಿದೆ. ಪರಿಚಯದವರೊಬ್ಬರು ಥರ್ಮೋಸ್ಟ್ಯಾಟ್ (ಕಾವಿಗೆ ತಕ್ಕಂತೆ ಕೂಲಂಟಿನ ದಾರಿ ತೆರೆದು ಮುಚ್ಚುವ ಕವಾಟ) ಕಿತ್ತು ಹಾಕಿಬಿಡಿ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ? ಹೀಗೇ ಓಡಿಸಿದರೆ ಎಂಜಿನ್ ಹಾಳಾಗುತ್ತದೆಯೇ?

ಹಳೇಸ್ಪ್ಯಾನರ್:
ದಯವಿಟ್ಟು ಥರ್ಮೋಸ್ಟ್ಯಾಟ್ ಮುಟ್ಟಬೇಡಿ. ಅದು ಮುಚ್ಚಿಕೊಂಡು ಕೆಟ್ಟಿದ್ದರೆ ವೇಗದಲ್ಲೂ ಕಾಯುತ್ತಿತ್ತು. ಓಡುವಾಗ ಇಳಿಯುತ್ತದೆ ಎಂದರೆ ಪಂಪ್ ಕೂಲಂಟನ್ನು ತಿರುಗಿಸುತ್ತಿದೆ, ಕೂಲಂಟಿನ ಕಾವನ್ನು ಗಾಳಿಗೆ ಬಿಡುವ ರೇಡಿಯೇಟರ್ ಕೂಡ ಕೆಲಸ ಮಾಡುತ್ತಿದೆ. ನಿಂತಾಗ ಇಲ್ಲದಿರುವುದು ಗಾಳಿ ಒಂದೇ. ಆ ಗಾಳಿ ಕೊಡಬೇಕಾದದ್ದು ರೇಡಿಯೇಟರ್ ಹಿಂದಿನ ಫ್ಯಾನ್. ಅದರ ಸದ್ದು ಕೇಳಿಸುತ್ತದೆಯೇ? ಥರ್ಮೋಸ್ಟ್ಯಾಟ್ ತೆಗೆದರೆ ಎಂಜಿನ್ ಹದಕ್ಕೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚುತ್ತದೆ. ಗಾಳಿಯ ಕೊರತೆ ಹಾಗೆಯೇ ಉಳಿಯುತ್ತದೆ.

ಬಯಲಿನಲ್ಲಿ ಬೈಕ್ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ನೋಡಿ. ಬಹುತೇಕ ಬೈಕ್‌ಗಳಲ್ಲಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಫ್ಯಾನ್ ತಿರುಗಬೇಕು. ಕೆಂಪು ದೀಪ ಬಂದರೂ ತಿರುಗದಿದ್ದರೆ ತಕ್ಷಣ ಎಂಜಿನ್ ಆರಿಸಿ. ತಣ್ಣಗಾದ ಮೇಲೆ ಮೊದಲು ಫ್ಯೂಸ್ ನೋಡಿ. ಆಮೇಲೆ ಫ್ಯಾನಿನ ಸಾಕೆಟ್ ಬಿಡಿಸಿ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಡಿ. ತಿರುಗಿದರೆ ಮೋಟಾರ್ ಜೀವಂತವಾಗಿದೆ, ದೋಷ ವೈರಿಂಗ್, ರಿಲೇ (ಫ್ಯಾನಿಗೆ ಕರೆಂಟ್ ಹಾಯಿಸುವ ವಿದ್ಯುತ್ ಸ್ವಿಚ್) ಅಥವಾ ತಾಪಮಾನದ ಸ್ವಿಚ್‌ನಲ್ಲಿದೆ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಲೇಬೇಡಿ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆತ ಕೂಲಂಟ್ ಮುಚ್ಚಳದ ಒತ್ತಡದಿಂದಾಗಿ 120 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಒತ್ತಡ ಬಿಟ್ಟ ಕ್ಷಣದಲ್ಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹೀಗೆ ಸುಟ್ಟುಕೊಂಡ ಕೈಗಳನ್ನು ಗ್ಯಾರೇಜಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ಹಾಳಾಗುತ್ತದೆಯೇ ಎಂದು ಕೇಳಿದಿರಿ. ಖಂಡಿತ ಆಗುತ್ತದೆ. ಕಾವು ಮಿತಿ ಮೀರಿದರೆ ಸಿಲಿಂಡರಿನ ಮೇಲಿನ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ, ಅದರಡಿಯಲ್ಲಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ತೆಳುವಾಗಿ ಪಿಸ್ಟನ್ ಜಾಮ್ ಆಗಬಹುದು. ರಿಪೇರಿ ಆಗುವವರೆಗೆ ಜನನಿಬಿಡ ದಾರಿ ಬೇಡ.

ಗಾಳಿಗೆರೆ:
ನನ್ನದು ಗಾಳಿಯಿಂದಲೇ ತಣಿಯುವ ಎಂಜಿನ್, ಫ್ಯಾನೇ ಇಲ್ಲ. ಸಿಲಿಂಡರಿನ ರೆಕ್ಕೆಗಳ ನಡುವೆ ಕೆಸರು ಒಣಗಿ ಕೂರಲು ಬಿಡುವುದಿಲ್ಲ, ನಿಲುಗಡೆ ದೀರ್ಘ ಎನಿಸಿದರೆ ಎಂಜಿನ್ ಆರಿಸುತ್ತೇನೆ. ಇನ್ನೊಂದು ಮಾತು: ತೆವಳುವಾಗ ಕ್ಲಚ್ ಅರ್ಧ ಹಿಡಿದೇ ಸಾಗಬೇಡಿ. ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಜಾರಿದಷ್ಟೂ ಆ ಕಾವು ಎಂಜಿನ್ ಆಯಿಲಿಗೇ ಸೇರುತ್ತದೆ. ಮುಂದೆ ಸ್ವಲ್ಪ ಜಾಗವಾಗಲಿ ಎಂದು ಕಾದು, ಕ್ಲಚ್ ಪೂರ್ತಿ ಬಿಟ್ಟು ಸಾಗುವುದೇ ಮೇಲು.

ಎರಡುಚಕ್ರ:
ಇಬ್ಬರಿಗೂ ಧನ್ಯವಾದ. ಫ್ಯೂಸ್ ಚೆನ್ನಾಗಿದೆ. ಬ್ಯಾಟರಿಯಿಂದ ನೇರ ಕೊಟ್ಟಾಗ ಫ್ಯಾನ್ ತಿರುಗಿತು. ಸಾಕೆಟ್ ಒಳಗೆ ಟಾರ್ಚ್ ಹಿಡಿದು ನೋಡಿದರೆ ಒಂದು ಪಿನ್ ಹಸಿರುಗಟ್ಟಿದೆ, ಅದರ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಉಜ್ಜಿ ಮತ್ತೆ ಸೇರಿಸಿದರೆ ಸಾಕೇ?

ಹಳೇಸ್ಪ್ಯಾನರ್:
ಸಾಲದು. ಹಸಿರು ನೀರಿನ ಗುರುತು, ಕಂದು ಕಾವಿನ ಗುರುತು. ಪಿನ್ ಬಿಗಿ ಕಳೆದುಕೊಂಡಿದೆ, ಉಜ್ಜಿದರೆ ಮೇಲಿನ ಲೇಪನವೂ ಹೋಗಿ ಮತ್ತೆ ತುಕ್ಕು ಹಿಡಿಯುತ್ತದೆ. ಆ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಪಿನ್ ಮತ್ತು ಸಾಕೆಟ್ ಎರಡನ್ನೂ ಹೊಸದಾಗಿ ಹಾಕಿಸಿ. ಜೋಡಿಸುವ ಮೊದಲು ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗದೆ ಬಿಗಿಯಾಗಿದ್ದರೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂದರ್ಥ, ಪಿನ್ ಸುಟ್ಟದ್ದೂ ಅದರಿಂದಲೇ ಇರಬಹುದು. ಆಗ ಮೋಟಾರನ್ನೂ ಬದಲಿಸಬೇಕು. ಯಾರು ಹೇಳಿದರೂ ಫ್ಯೂಸ್ ಮಾತ್ರ ದೊಡ್ಡದು ಹಾಕಬೇಡಿ. ಎಲ್ಲ ಮುಗಿದ ಮೇಲೆ ಮತ್ತೆ ಎಂಜಿನ್ ಚಾಲೂ ಇಟ್ಟು, ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವವರೆಗೆ ಪಕ್ಕದಲ್ಲೇ ಇರಿ. ಫಲಿತಾಂಶ ಇಲ್ಲಿ ಬರೆಯಿರಿ.