ಹೆಣಕ್ಕೆ ಎರಡು ಚೌಕ

ಭಾನುವಾರ ಬೆಳಿಗ್ಗೆ ಮಾತುಂಗದ ಉಡುಪಿ ಹೋಟೆಲಿನಲ್ಲಿ ಶೆಟ್ಟಿ ಇಡ್ಲಿ ಮುರಿಯುತ್ತಲೇ ವರದಿ ಒಪ್ಪಿಸಿದ: “ನಿನ್ನೆ ರಾತ್ರಿ ಏಳು ಹೆಣ ಬಿದ್ದವು. ಸದ್ಯಕ್ಕೆ ಫ್ರೀಜರಿನಲ್ಲಿ, ಅಕ್ಕಿಯ ಪಕ್ಕ ಇಟ್ಟಿದ್ದೇನೆ.”

ಸಾಂಬಾರಿನ ಬಕೀಟು ಹಿಡಿದು ಬಂದ ಮಾಣಿ ನಮ್ಮ ಮೇಜನ್ನು ಬಿಟ್ಟು ಮುಂದಿನ ಮೇಜಿಗೆ ಹೋದ.

ರಿಮ್‌ವರ್ಲ್ಡ್ ಎಂಬ ಕಂಪ್ಯೂಟರ್ ಆಟದಲ್ಲಿ ಶೆಟ್ಟಿ ಯಾವುದೋ ಗ್ರಹದ ಮೇಲೆ ಊರು ಕಟ್ಟಿದ್ದಾನೆ. ದಾಳಿಕೋರರು ಬರುತ್ತಾರೆ, ಸಾಯುತ್ತಾರೆ. ಹೆಣ ಕಣ್ಣಿಗೆ ಬಿದ್ದರೆ ಊರವರ ಮನಸ್ಸು ಕೆಡುತ್ತದೆ. ತಮ್ಮವನನ್ನೇ ಹೂಳದೆ ಬಿಟ್ಟರಂತೂ ಕೇಳುವುದೇ ಬೇಡ.

“ಹೂಳುವುದಕ್ಕೇನು ಧಾಡಿ? ಗೋರಿ ತೋಡಲು ಮರ, ಕಲ್ಲು ಏನೂ ಬೇಡವಲ್ಲ” ಎಂದ ಕುಲಕರ್ಣಿ.

“ಜಾಗ ಬೇಕಲ್ಲ ಮಾರಾಯ! ಆಟದ ನೆಲವೆಲ್ಲ ಚೌಕ ಚೌಕ, ಒಂದು ಗೋರಿಗೆ ಎರಡು ಚೌಕ. ಬದುಕಿದ್ದವನ ಮಂಚಕ್ಕೂ ಎರಡೇ ಚೌಕ. ಒಂದರಲ್ಲಿ ಒಬ್ಬನೇ. ಲೋಕಲ್ ರೈಲಿನ ಹಾಗೆ ‘ಸ್ವಲ್ಪ ಸರಿಯಿರಿ’ ಎಂದು ನಾಲ್ಕನೆಯವನನ್ನು ತುರುಕುವಂತಿಲ್ಲ.”

ಡೊಂಬಿವಲಿಯ ಒಂದೇ ಕೋಣೆಯಲ್ಲಿ ಇನ್ನೂ ಮೂವರ ನಡುವೆ ಚಾಪೆ ಹಾಸುವ ನನಗೆ ಆ ದಾಳಿಕೋರರ ಮೇಲೆ ಹೊಟ್ಟೆಕಿಚ್ಚಾಯಿತು.

“ಹಾಗಾದರೆ ಸುಟ್ಟುಬಿಡು. ವಿದ್ಯುತ್ ಚಿತಾಗಾರವಿದೆ” ಎಂದ ಕುಲಕರ್ಣಿ.

“ಬ್ಯಾಟರಿ ಖಾಲಿ. ಕರೆಂಟೆಲ್ಲ ಫ್ರೀಜರಿಗೇ ಹೋಗುತ್ತಿದೆ.”

ಅಂದರೆ ಹೆಣ ಕೆಡದಿರಲೆಂದು ಕರೆಂಟು ಖರ್ಚು, ಕರೆಂಟು ಇಲ್ಲವೆಂದು ಹೆಣ ಬಾಕಿ. ಇಂಥ ಆಡಳಿತವನ್ನು ನಾನು ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮಾತ್ರ ಕಂಡಿದ್ದೇನೆ.

ಅಷ್ಟು ಹೊತ್ತು ಸುಮ್ಮನಿದ್ದ ಭಟ್ಟ ಕಾಫಿ ಆರಿಸುತ್ತಾ ಹೇಳಿದ: “ನಿನ್ನದು ಬರೀ ಬೇಸರ. ನಾನು ಆಡುವ, ಕುಳ್ಳರ ಕೋಟೆ ಕಟ್ಟುವ ಡ್ವಾರ್ಫ್ ಫೋರ್ಟ್ರೆಸ್ ಆಟದಲ್ಲಿ ಹೂಳದೆ ಬಿಟ್ಟ ಕುಳ್ಳ ದೆವ್ವವಾಗಿ ಬರುತ್ತಾನೆ. ಹೆಣ ಹೊಳೆಯ ಪಾಲಾಗಿದ್ದರೂ ಚಿಂತೆಯಿಲ್ಲ, ಅವನ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರೆ ಅಡಗುತ್ತಾನೆ.”

“ಕಲ್ಲೊಂದೇ ಸಾಕೇ? ನಮ್ಮ ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳು ಬಂತೆಂದರೆ ಕುಲೆಗಳಿಗೆ, ಅಂದರೆ ಸತ್ತ ಹಿರಿಯರ ಆತ್ಮಗಳಿಗೆ, ಎಲೆ ಹಾಕಿ ಬಡಿಸಬೇಕು. ನಿನಗೆ ಅಗ್ಗದಲ್ಲಿ ಮುಗಿಯಿತು!” ಎಂದ ಶೆಟ್ಟಿ.

“ಕಲ್ಲನ್ನು ಹಗುರ ಮಾಡಬೇಡ. ನಿನ್ನ ಬೊರಿವಲಿಯ ಎಕ್ಸರ್‌ನಲ್ಲೇ ವೀರಗಲ್ಲುಗಳಿವೆ, ಹಡಗಿನ ಕಾಳಗ ಕೆತ್ತಿದವು. ನೋಡಿದ್ದೀಯಾ?”

ಹನ್ನೆರಡು ವರ್ಷಗಳಿಂದ ಬೊರಿವಲಿಯಲ್ಲಿರುವ ಶೆಟ್ಟಿ ಚಟ್ನಿಯನ್ನು ನೋಡಿದ.

ಗೋರಿಯೋ ಕಲ್ಲೋ ಎಂದು ತೀರ್ಮಾನವಾಗುವ ಮೊದಲೇ ಮಾಣಿ ಬಿಲ್ಲು ತಂದಿಟ್ಟ. “ಹೆಣಗಳು ಫ್ರೀಜರಿನಲ್ಲಿವೆಯಲ್ಲ, ಅವಕ್ಕೆ ಅವಸರವಿಲ್ಲ. ನಿಮ್ಮ ಕುರ್ಚಿಗಳ ಹಿಂದೆ ನಾಲ್ವರು ನಿಂತಿದ್ದಾರೆ, ಏಳಿ.”