ಒಂದೇ ತಾಳಮದ್ದಳೆ ಕ್ಲಿಪ್, ಮೂರು ಹೆಡ್‌ಫೋನಲ್ಲಿ ಮೂರು ಥರ – 7506, ಎಂ50ಎಕ್ಸ್, ಡಿಟಿ 770, ಯಾವುದನ್ನ ನಂಬೋದು?

ಚಕ್ರತಾಳ:
ನಮಸ್ಕಾರ ಎಲ್ಲರಿಗೂ. ನಮ್ಮ ಕಡೆ ಪತ್ತನಾಜೆ (ಯಕ್ಷಗಾನ ಮೇಳದ ತಿರುಗಾಟ ಮುಗಿಯುವ ದಿನ) ಕಳೆದು ಮೇಳದವರು ಗೆಜ್ಜೆ ಬಿಚ್ಚಿದ್ರೆ ಆಮೇಲೆ ಮಳೆಗಾಲ ಪೂರ್ತಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಲ್ಲೇ ನಡೆಸುವ ಯಕ್ಷಗಾನ) ಜೋರು, ಅದನ್ನ ರೆಕಾರ್ಡ್ ಮಾಡಿ ಎಡಿಟ್ ಮಾಡಿ ಹಾಕುವ ಕೆಲಸ ಹೇಗೋ ನನ್ನ ತಲೆಗೆ ಬಂದಿದೆ. ಹಾಡುವ ಭಾಗವತರಿಗೆ ಒಂದು ಮೈಕ್, ಪಾತ್ರದ ಮಾತಾಡುವ ಅರ್ಥಧಾರಿಗಳಿಗೆ ಒಂದೊಂದು, ಮದ್ದಳೆ ಚೆಂಡೆಗೆ ಬೇರೆ, ಎಲ್ಲ ಬೇರೆಬೇರೆ ಟ್ರ್ಯಾಕ್ ಬರ್ತದೆ. ಇಷ್ಟು ಸಮಯ ಮೊಬೈಲ್ ಒಟ್ಟಿಗೆ ಬಂದ ಇಯರ್‌ಫೋನಲ್ಲೇ ಮಿಕ್ಸ್ ಮಾಡಿದ್ದು, ಈಗ ಒಂದು ಸರಿಯಾದ ಸ್ಟುಡಿಯೋ ಹೆಡ್‌ಫೋನ್ ತಗೊಳ್ಳುವ ಅಂತ ಉಂಟು. ಬಜೆಟ್ 15 ಸಾವಿರದ ಆಸುಪಾಸು.

ಪರಿಚಯದವರೊಬ್ಬರ ಹತ್ರ ಮೂರು ಹೆಡ್‌ಫೋನ್ ಇತ್ತು, ಸೋನಿ ಎಂಡಿಆರ್-7506, ಆಡಿಯೋ ಟೆಕ್ನಿಕಾ ಎಂ50ಎಕ್ಸ್, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 80 ಓಮ್. ಲ್ಯಾಪ್‌ಟಾಪಿಗೆ ಸೀದಾ ಸಿಕ್ಕಿಸಿ, ವಾಲ್ಯೂಮ್ ಒಂದೇ ಕಡೆ ಇಟ್ಟು, ನನ್ನದೇ ಒಂದು ಕ್ಲಿಪ್ ಮೂರರಲ್ಲೂ ಕೇಳಿದೆ. ಎಂ50ಎಕ್ಸ್‌ನಲ್ಲಿ ಮದ್ದಳೆ ತುಂಬಿಕೊಂಡು ಬರ್ತದೆ, ಎಂಥ ಚಂದ! 7506ರಲ್ಲಿ ಅರ್ಥಧಾರಿ ಉಸಿರು ಎಳೆಯೋದೂ ಕೇಳ್ತದೆ, ಆದ್ರೆ ಚಕ್ರತಾಳ (ಹಿಮ್ಮೇಳದ ಲೋಹದ ತಾಳ, ನನ್ನ ಹೆಸರಲ್ಲ) ಬಂದಾಗ ಕಿವಿಗೆ ಚುಚ್ತದೆ. 770 ಮಾತ್ರ ಸಪ್ಪೆ ಮಾರಾಯ್ರೆ, ದೂರದಿಂದ ಕೇಳಿದ ಹಾಗೆ, ಬೇಸೇ ಇಲ್ಲ. ಆದ್ರೆ ನೆಟ್ಟಲ್ಲಿ ನೋಡಿದ್ರೆ ಎಲ್ಲರೂ 770ಗೆ ಬೇಸ್ ಜಾಸ್ತಿ ಜಾಸ್ತಿ ಅಂತಲೇ ಬರೆದಿದ್ದಾರೆ. ನನ್ನ ಕಿವಿ ಹಾಳೋ, ಆ ಪೀಸ್ ಹಾಳೋ ಗೊತ್ತಾಗ್ತಿಲ್ಲ. ಕನ್ನಡಕ ಹಾಕ್ತೇನೆ, ಅದರದ್ದೇನಾದ್ರೂ ಉಂಟಾ? ಗೊತ್ತಿದ್ದವರು ಸ್ವಲ್ಪ ಹೇಳಿ.

ಫೇಡರ್ ಮೇಲೆ ಬೆರಳು:
"ವಾಲ್ಯೂಮ್ ಒಂದೇ ಕಡೆ ಇಟ್ಟು" ಅಂದ್ರಲ್ಲ ಸಾರ್, ಅರ್ಧ ಉತ್ತರ ಅಲ್ಲೇ ಇದೆ. ವಾಲ್ಯೂಮ್ ಒಂದೇ ಕಡೆ ಇದ್ರೆ ಮೂರೂ ಒಂದೇ ಜೋರಲ್ಲಿ ಕೇಳ್ಸತ್ತೆ ಅಂತ ಅಲ್ಲ. 7506 ಮತ್ತೆ ಎಂ50ಎಕ್ಸ್ ಕಮ್ಮಿ ಕರೆಂಟಲ್ಲೇ ಕೂಗೋ ಹೆಡ್‌ಫೋನ್‌ಗಳು, ಲ್ಯಾಪ್‌ಟಾಪ್ ಸಾಕು. 770 80 ಓಮ್ ಅದೇ ವಾಲ್ಯೂಮಲ್ಲಿ ಅವೆರಡಕ್ಕಿಂತ ಚೆನ್ನಾಗೇ ಕಮ್ಮಿ ಕೇಳ್ಸತ್ತೆ. ಸೌಂಡ್ ಕಮ್ಮಿ ಆದ್ರೆ ನಮ್ಮ ಕಿವಿ ಮೊದಲು ಬಿಟ್ಟುಬಿಡೋದೇ ಬೇಸ್‌ನ, ಇದನ್ನ 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತೆ ಮನ್ಸನ್ ಅಳೆದು ಗ್ರಾಫ್ ಹಾಕಿಟ್ಟಿದಾರೆ. ಅಂದ್ರೆ ನೀವು ಕೇಳಿದ್ದು ಬೇಸ್ ಇಲ್ಲದ 770 ಅಲ್ಲ, ಸಣ್ಣಗೆ ಹಾಡ್ತಿರೋ 770. ಅಂಗಡಿಲಿ ಡೆಮೋ ಕೊಟ್ಟಾಗ ಯಾವ್ದು ಒಂಚೂರು ಜೋರಾಗಿರತ್ತೋ ಅದೇ ಚೆನ್ನಾಗಿದೆ ಅನ್ಸೋದು, ಇಪ್ಪತ್ತು ವರ್ಷ ಇದೇ ಕೆಲಸ ಮಾಡ್ದೋರಿಗೂ ಹಂಗೇ ಅನ್ಸತ್ತೆ.

ಸಮ ಮಾಡ್ಕೊಂಡು ಕೇಳಿ. ದಪ್ಪ ರಟ್ಟಿನ ಒಂದು ತುಂಡು ತಗೊಂಡು ಮಧ್ಯ ಮೊಬೈಲ್ ಮೈಕ್ ತೂರೋಷ್ಟು ತೂತು ಮಾಡಿ, ಒಂದು ಕಡೆಯಿಂದ ಹೆಡ್‌ಫೋನ್ ಕಪ್ ಒತ್ತಿ ಹಿಡಿರಿ, ಇನ್ನೊಂದು ಕಡೆ ಮೊಬೈಲ್ ಮೈಕ್ ತೂತಿಗೆ ಬರೋ ಹಂಗೆ ಇಡಿ, ಪಿಂಕ್ ನಾಯ್ಸ್ (ಎಲ್ಲಾ ಸ್ವರ ಬೆರೆತ ಶ್ ಅನ್ನೋ ಪರೀಕ್ಷೆ ಸದ್ದು) ಹಾಕಿ, ಯಾವ್ದಾದ್ರೂ ಫ್ರೀ ಡೆಸಿಬೆಲ್ ಮೀಟರ್ ಆ್ಯಪಲ್ಲಿ ನೋಡಿ ಮೂರಕ್ಕೂ ಒಂದೇ ನಂಬರ್ ಬರೋ ತನಕ ವಾಲ್ಯೂಮ್ ಸರಿ ಮಾಡಿ. ಆ್ಯಪ್ ತೋರ್ಸೋ ನಂಬರ್ ನಿಜವಾದ ಡೆಸಿಬೆಲ್ ಆಗಿರ್ಬೇಕು ಅಂತೇನಿಲ್ಲ, ಮೂರಕ್ಕೂ ಒಂದೇ ಬಂದ್ರೆ ಸಾಕು. ಪಕ್ಕಾ ಲ್ಯಾಬ್ ಕೆಲಸ ಅಲ್ಲ ಇದು, ಆದ್ರೆ ಬರೀ ಕಿವಿ ನಂಬೋದಕ್ಕಿಂತ ಎಷ್ಟೋ ವಾಸಿ.

ತಂಬೂರಿ ತಂತಿ:
ಮೇಲಿನವ್ರು ಹೇಳಿದ್ದು ಖರೇ ಐತ್ರಿ. ಅದಕ್ಕ ಲೆಕ್ಕ ನಾ ಕೊಡ್ತೀನಿ, ಯಾಕಂದ್ರ ಈ ಓಮ್ (ಕರೆಂಟಿಗೆ ಹೆಡ್‌ಫೋನ್ ಒಡ್ಡೂ ತಡಿ) ವಿಷಯದಾಗ ಮಂದಿ ಭಾಳ ತಪ್ಪು ತಿಳ್ಕೊಂಡಾರ, ಓಮ್ ಜಾಸ್ತಿ ಇದ್ರ ಕ್ವಾಲಿಟಿ ಜಾಸ್ತಿ ಅಂತ. 770 ಪ್ರೊ ಹಳೇ ಮಾಡೆಲ್ 32, 80, 250 ಓಮ್ ಅಂತ ಮೂರು ನಮೂನಿ ಸಿಗ್ತಾವ. ಈಗ ಲ್ಯಾಪ್‌ಟಾಪ್ 1 ವೋಲ್ಟ್ ಕೊಡ್ತು ಅಂತ ಇಟ್ಕೊಳ್ರಿ, 80 ಓಮ್‌ಗೆ 12.5 ಮಿಲಿವ್ಯಾಟ್ ಹೋಗ್ತೈತಿ, ಅದೇ 1 ವೋಲ್ಟಿಗೆ 250 ಓಮ್‌ನಾಗ ಬರೇ 4 ಮಿಲಿವ್ಯಾಟ್. ಅಂದ್ರ ಸುಮಾರು 5 ಡೆಸಿಬೆಲ್ ಕಮ್ಮಿ. ಇಷ್ಟ ನೋಡ್ರಿ ಅದರ ಗುಟ್ಟು. 250 ತಗೊಂಡು ಲ್ಯಾಪ್‌ಟಾಪಿಗೆ ಸಿಗಿಸಿ ಆಮ್ಯಾಲೆ ಸೌಂಡ್ ಇಲ್ಲ ಅಂತ ಅಳಬ್ಯಾಡ್ರಿ.

ಇನ್ನೊಂದು, ಹೆಡ್‌ಫೋನ್ ಓಮ್‌ನ ಎಂಟನೇ ಒಂದು ಪಾಲಿಗಿಂತ ಅದನ್ನ ಸಿಗಿಸೂ ಯಂತ್ರದ ಔಟ್‌ಪುಟ್ ಇಂಪಿಡೆನ್ಸ್ (ಯಂತ್ರದ್ದ ಸ್ವಂತ ತಡಿ) ಕಮ್ಮಿ ಇರಬೇಕು ಅಂತ ಒಂದು ಲೆಕ್ಕ ಐತಿ. 80ಕ್ಕ 10 ಓಮ್ ತನಕ ನಡೀತೈತಿ, ಎಂ50ಎಕ್ಸ್ 38 ಓಮ್, ಅದಕ್ಕ 5ರ ಒಳಗ ಇರಬೇಕು. ಹಂಗಿಲ್ಲಂದ್ರ ಕೆಲವು ಹೆಡ್‌ಫೋನ್‌ದಾಗ ಬೇಸ್ ಸಡಿಲಾಗ್ತೈತಿ. ನೀವು ಹೆಂಗೂ ಬೇರೆಬೇರೆ ಟ್ರ್ಯಾಕ್ ತಗೊಳ್ಳಾಕ ಒಂದು ಇಂಟರ್‌ಫೇಸ್ (ಮೈಕ್‌ಗಳನ್ನ ಲ್ಯಾಪ್‌ಟಾಪಿಗೆ ಕೂಡಿಸೂ ಡಬ್ಬಿ) ಇಟ್ಟೇ ಇರ್ತೀರಿ, ಅದರಾಗ ಸಿಗಿಸಿ ಕೇಳ್ರಿ. ಲ್ಯಾಪ್‌ಟಾಪ್ ಬ್ಯಾಡ.

ಸೋಡಾಬುಡ್ಡಿ:
ಕನ್ನಡಕದ್ದು ಇದೆ, ಖಂಡಿತ ಇದೆ. ಕನ್ನಡಕದ ಕಡ್ಡಿ ಪ್ಯಾಡ್ ಅಡಿ ಹೋಗೋ ಕಡೆ ಗ್ಯಾಪ್ ಬೀಳತ್ತೆ, ಕಪ್ ಹಿಂಭಾಗ ಮುಚ್ಚಿರೋ ಇಂಥ ಕ್ಲೋಸ್ಡ್ ಹೆಡ್‌ಫೋನ್‌ನಲ್ಲಿ ಬೇಸ್ ಸೋರೋದು ಆ ಗ್ಯಾಪಿಂದ. ಈಗ್ಲೇ ಪರೀಕ್ಷೆ ಮಾಡಿ: ಮದ್ದಳೆ ನುಡಿಯೋ ಜಾಗ ಲೂಪಲ್ಲಿ ಹಾಕಿ ಎರಡೂ ಕಪ್ ಅಂಗೈಯಿಂದ ಮೆಲ್ಲಗೆ ಒತ್ತಿ, ಬೇಸ್ ಎದ್ದು ಬಂದ್ರೆ ಸೋರ್ತಿತ್ತು ಅಂತಲೇ ಅರ್ಥ. ತೆಳ್ಳನೆ ಲೋಹದ ಫ್ರೇಮ್ ಹಾಕ್ಕೊಂಡ್ರೆ ಎಷ್ಟೋ ಕಮ್ಮಿ ಆಗತ್ತೆ. 770ದು ಮಖಮಲ್ಲಿನಂಥ ವೆಲೂರ್ ಪ್ಯಾಡ್, ಮೆತ್ತಗೆ, ಕನ್ನಡಕದ ಮೇಲೆ ಗಂಟೆಗಟ್ಲೆ ಹಾಕ್ಕೊಂಡ್ರೂ ಕಿವಿ ಹಿಂದೆ ನೋಯಲ್ಲ. 7506 ಪ್ಯಾಡ್ ತೆಳು, ನನ್ನ ಕಿವಿ ಒಳಗಡೆ ಡ್ರೈವರ್‌ಗೆ ತಾಗತ್ತೆ. ಇದನ್ನ ಯಾರೂ ಸೌಂಡ್ ಕ್ವಾಲಿಟಿ ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಆದ್ರೆ ಕಿವಿ ನೋಯ್ತಿರೋನು ಮೂರನೇ ಗಂಟೆಲಿ ಮಾಡೋ ಮಿಕ್ಸ್ ಹೆಂಗಿರತ್ತೆ ಯೋಚ್ನೆ ಮಾಡಿ.

ಬರೀ ಸ್ಪೀಕರ್:
ಇದೆಲ್ಲಾ ದುಡ್ಡು ದಂಡ. ಮಿಕ್ಸ್ ಮಾಡೋಕೆ ಕ್ಲೋಸ್ಡ್ ಯಾಕೆ, ಓಪನ್ ಬ್ಯಾಕ್ (ಕಪ್ ಹಿಂಭಾಗ ತೆರೆದಿರೋದು) ತಗೊಳ್ಳಿ. ಸೆನ್‌ಹೈಸರ್ ಎಚ್‌ಡಿ 600 ಬಂದಿದ್ದು 1997ರಲ್ಲಿ, ಇವತ್ತಿಗೂ ಮನುಷ್ಯನ ಧ್ವನಿ ಅಷ್ಟು ಸಹಜವಾಗಿ ಕೇಳ್ಸೋದು ಈ ಮೂರರಲ್ಲಿ ಒಂದರಲ್ಲೂ ಇಲ್ಲ. ಸೆಕೆಂಡ್ ಹ್ಯಾಂಡ್ ಹುಡುಕಿ. ಇಲ್ಲಾಂದ್ರೆ ಸ್ಪೀಕರ್ ತಗೊಳ್ಳಿ.

ಫೇಡರ್ ಮೇಲೆ ಬೆರಳು:
ಎಚ್‌ಡಿ 600 ಧ್ವನಿಗೆ ಚೆನ್ನಾಗಿದೆ, ಅದ್ರಲ್ಲಿ ಜಗಳ ಇಲ್ಲ. ಆದ್ರೆ ಅದು 300 ಓಮ್, ಬಜೆಟ್ ಮೀರತ್ತೆ, ಅದಕ್ಕಿಂತ ಮುಖ್ಯ, ಇವ್ರು ಕೂತ್ಕೊಂಡು ರೆಕಾರ್ಡ್ ಮಾಡೋದು ಮೈಕ್ ಇರೋ ಸಭೆಲೇ. ಓಪನ್ ಹೆಡ್‌ಫೋನ್ ಹಾಕ್ಕೊಂಡ್ರೆ ಹಿಮ್ಮೇಳದ ಸದ್ದು ಪೂರ್ತಿ ಒಳಗೆ ಬರತ್ತೆ, ಮೈಕಲ್ಲಿ ಏನು ಹೋಗ್ತಿದೆ ಅಂತ ಗೊತ್ತೇ ಆಗಲ್ಲ. ಒಂದೇ ಹೆಡ್‌ಫೋನ್ ತಗೊಳ್ಳೋರಿಗೆ ಕ್ಲೋಸ್ಡೇ ಸರಿ.

ಈಗ ಅಸಲಿ ವಿಷಯ. ಚಕ್ರತಾಳ ಸಾರ್, ನೀವು "ಯಾವ್ದು ಚಂದ ಕೇಳ್ತದೆ" ಅಂತ ನೋಡ್ತಿದೀರ, ಕೆಲಸಕ್ಕೆ ತಗೊಳ್ಳೋವಾಗ ನೋಡ್ಬೇಕಾಗಿರೋದು ಇದು ನನ್ನ ಕೈಲಿ ಏನು ತಪ್ಪು ಮಾಡ್ಸತ್ತೆ ಅಂತ. ಹೆಡ್‌ಫೋನ್ ಸದ್ದಿಗೆ ಹಚ್ಚೋ ಬಣ್ಣ ಮಿಕ್ಸ್‌ಗೆ ಉಲ್ಟಾ ಇಳಿಯತ್ತೆ. ಎಂ50ಎಕ್ಸ್‌ನಲ್ಲಿ ಬೇಸ್ ಸ್ವಲ್ಪ ಉಬ್ಬಿದೆ, ಮದ್ದಳೆ ಹೆಚ್ಚೇ ತುಂಬಿ ಬಂತು ಅಂತ ನೀವು ಈಕ್ಯೂನಲ್ಲಿ (ಬೇಸ್, ಮೇಲಿನ ಸ್ವರ ಏರಿಸಿ ಇಳಿಸೋ ಟೂಲ್) ಬೇಸ್ ಇಳಿಸ್ತೀರ, ಕೇಳೋರು ಕಾರಲ್ಲಿ ಹಾಕಿದಾಗ ಎಡ ಮುಖದ ಗುಮ್ಕಿಯೆಲ್ಲಾ (ಗುಂ ಅನ್ನೋ ತಗ್ಗಿನ ನಾದ) ಹೋಗಿ ಬರೀ ಟಕಟಕ ಉಳಿದಿರತ್ತೆ. 7506 ಮತ್ತೆ 770 ಎರಡೂ ಮೇಲ್ಗಡೆ ಚುರುಕು, ಅದ್ರಲ್ಲೂ 770ಗೆ 8 ಕಿಲೋಹರ್ಟ್ಸ್ ಆಸುಪಾಸಲ್ಲಿ ಒಂದು ಏರು ಇದೆ. ಅಲ್ಲೇ ಸ, ಶ, ಷ ಮತ್ತೆ ಚಕ್ರತಾಳ ಎಲ್ಲಾ ಬಂದು ಕೂರತ್ತೆ. ಚುಚ್ತಿದೆ ಅಂತ ಡಿ-ಎಸ್ಸರ್ (ಸ, ಶ ಸದ್ದು ತಗ್ಗಿಸೋ ಟೂಲ್) ಎಳೆದ್ರಿ ಅಂದ್ರೆ ಅರ್ಥಧಾರಿ ಸಂಸ್ಕೃತ ಶ್ಲೋಕ ಹೇಳೋವಾಗ ತೊದಲಿದಂಗೆ ಕೇಳ್ಸತ್ತೆ. ನಿಮ್ಮ ಕೆಲಸದಲ್ಲಿ ಮಾತೇ ಪ್ರಾಣ, ಅಲ್ಲಿ ಹುಷಾರು.

7506 1991ರಿಂದ ಇದೆ, ರೇಡಿಯೋದೋರು, ಸಿನಿಮಾ ಲೊಕೇಶನ್ ಸೌಂಡ್‌ನೋರು ಇವತ್ತಿಗೂ ಬಿಟ್ಟಿಲ್ಲ ಅಂದ್ರೆ ಅದು ಚಂದ ಹಾಡತ್ತೆ ಅಂತಲ್ಲ, ಕಸ ತೋರ್ಸತ್ತೆ ಅಂತ. ತುಟಿ ಬಿಚ್ಚಿದ ಚಟ್ ಅನ್ನೋ ಸದ್ದು, ಫ್ಯಾನ್ ಗಾಳಿ, ಪುಟ ತಿರುಗಿಸಿದ್ದು, ಶ್ರುತಿಪೆಟ್ಟಿಗೆ ಹಿಂದೆ ಕೂತಿರೋ ಸಣ್ಣ ಹಿಸ್ಸು, ಎಲ್ಲಾ ಎತ್ತಿ ತೋರ್ಸತ್ತೆ.

ಆಮೇಲೆ ಒಂದು ಮಾತು, ಯಾವ ಹೆಡ್‌ಫೋನ್ ಆದ್ರೂ ಅರ್ಥಧಾರಿಗಳನ್ನ ಪೂರ್ತಿ ಎಡಕ್ಕೆ ಪೂರ್ತಿ ಬಲಕ್ಕೆ ಪ್ಯಾನ್ ಮಾಡ್ಬೇಡಿ. ಸ್ಪೀಕರಲ್ಲಾದ್ರೆ ಎಡ ಸ್ಪೀಕರ್ ಸದ್ದು ಬಲ ಕಿವಿಗೂ ಹೋಗತ್ತೆ, ಹೆಡ್‌ಫೋನಲ್ಲಿ ಹೋಗಲ್ಲ. ಕೃಷ್ಣ ಒಂದೇ ಕಿವಿಲಿ, ಕೌರವ ಇನ್ನೊಂದ್ ಕಿವಿಲಿ ಅರ್ಧ ಗಂಟೆ ವಾದ ಮಾಡಿದ್ರೆ ತಲೆ ತಿರುಗತ್ತೆ ಕೇಳೋರಿಗೆ.

ಹೊಸಬ:
ನಂದು ಸಣ್ಣ ಡೌಟ್, ನನ್ನತ್ರ ಒಳ್ಳೆ ಬ್ಲೂಟೂತ್ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇದೆ, ಇದೇ ದುಡ್ಡಿನದು. ಅದ್ರಲ್ಲಿ ಆಗಲ್ವಾ?

ತಂಬೂರಿ ತಂತಿ:
ಹಾಡು ಕೇಳಾಕ ಆಗ್ತೈತಿ, ಎಡಿಟಿಂಗ್‌ಗೆ ಆಗೂದಿಲ್ರಿ. ಬ್ಲೂಟೂತ್‌ನಾಗ ಸದ್ದು ತಡಾ ಬರ್ತೈತಿ, ನೀವು ಪೆಟ್ಟು ಬಿದ್ದ ಜಾಗಾ ಅಂತ ಕಟ್ ಮಾಡಿದ್ರ ಪೆಟ್ಟು ಹಿಂದ ಉಳದಿರ್ತೈತಿ. ಹಾಡಾವ್ರಿಗೆ ಅದನ್ನ ಹಾಕಿ ರೆಕಾರ್ಡ್ ಮಾಡಾಕ ಹೋದ್ರಂತೂ ತಾಳಾನ ತಪ್ಪತೈತಿ. ಮ್ಯಾಲೆ ಅದರಾಗಿನ ಚಿಪ್ ತನಗ ಬೇಕಾದಂಗ ಸೌಂಡ್ ತಿದ್ದಿ ಕೊಡ್ತೈತಿ, ನಿಮ್ಮ ರೆಕಾರ್ಡಿಂಗ್ ಖರೇ ಹೆಂಗೈತಿ ಅಂತ ತಿಳಿಯೂದಿಲ್ಲ. ಭಾಳಷ್ಟು ಹೆಡ್‌ಫೋನ್‌ಗೆ ವೈರ್ ಹಾಕೂ ತೂತಿರ್ತೈತಿ, ವೈರ್ ಹಾಕಿ ನೋಡ್ರಿ, ತಡ ಹೋಗ್ತೈತಿ.

ಚಕ್ರತಾಳ:
ಎಲ್ಲರಿಗೂ ದೊಡ್ಡ ನಮಸ್ಕಾರ. ರಟ್ಟಿನ ಉಪಾಯ ಮಾಡಿದೆ, ಇಂಟರ್‌ಫೇಸಿಗೆ ಸಿಕ್ಕಿಸಿ ಮೂರನ್ನೂ ಸಮ ಮಾಡಿ ಪುನಃ ಕೇಳಿದೆ. 770ಯ ನಾಬ್ ಬೇರೆಯವಕ್ಕಿಂತ ಎಷ್ಟೋ ಮೇಲೆ ತಿರುಗಿಸಬೇಕಾಯ್ತು. ಸಮ ಆದ ಮೇಲೆ ನೋಡಿದ್ರೆ ಸಪ್ಪೆಯೂ ಇಲ್ಲ ಎಂಥದೂ ಇಲ್ಲ, ಮದ್ದಳೆಯ ತಗ್ಗಿನ ಸ್ವರ ಅದರಲ್ಲಿ ಎಂ50ಎಕ್ಸ್‌ಗಿಂತಲೂ ಕೆಳಗೆ ಇಳೀತದೆ! ಕನ್ನಡಕ ತೆಗೆದ್ರೆ ಇನ್ನೂ ಜಾಸ್ತಿ. ಎಂ50ಎಕ್ಸ್ ಮೊದಲು ಕೇಳಿದಷ್ಟು ದೊಡ್ಡದಾಗಿ ಕಾಣ್ಲಿಲ್ಲ ಈಗ. 7506ರಲ್ಲಿ ಒಂದು ಹಳೆ ರೆಕಾರ್ಡಿಂಗ್ ಹಾಕಿದೆ, ಅರ್ಥಧಾರಿ ಮಾತು ನಿಲ್ಲಿಸಿದಾಗೆಲ್ಲ ಹಿಂದೆ ಹೂಂ ಅಂತ ಒಂದು ಸದ್ದು, ಇಷ್ಟು ದಿನ ಗೊತ್ತೇ ಆಗಿರ್ಲಿಲ್ಲ, ಅಲ್ಲಿ ಕೇಳಿಸಿದ ಮೇಲೆ ಈಗ ಇಯರ್‌ಫೋನಲ್ಲೂ ಕೇಳ್ತದೆ. ಕರೆಂಟಿಂದಾ ಅದು?

ನನ್ನ ಕೆಲಸ ಹೆಚ್ಚು ಹೊತ್ತಿನದ್ದು, ಕನ್ನಡಕವೂ ಉಂಟು, ಹಾಗಾಗಿ 770 80 ಓಮ್ ಕಡೆಗೇ ಮನಸ್ಸು. ನಮ್ಮ ಕಡೆಯ ತೇವಕ್ಕೆ ರೆಕ್ಸಿನ್ ಪ್ಯಾಡ್ ಯಾವ ಕಂಪೆನಿಯದ್ದಾದ್ರೂ ಸಿಪ್ಪೆ ಏಳ್ತದೆ, ವೆಲೂರ್ ಆ ಲೆಕ್ಕದಲ್ಲಿ ವಾಸಿ ಅಂತ ಕಾಣ್ತದೆ.

ಫೇಡರ್ ಮೇಲೆ ಬೆರಳು:
ಹೂಂ ಅನ್ನೋದು ಕರೆಂಟಿಂದೇ ಇರತ್ತೆ, ನಮ್ಮಲ್ಲಿ ಸಪ್ಲೈ 50 ಹರ್ಟ್ಸ್, ಅದರ ಮರಿಗಳು 100, 150ರಲ್ಲಿ ಕೂತಿರತ್ತೆ. ಮುಂದಿನ ಸಲ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಲಿ ಓಡ್ಸಿ ನೋಡಿ, ಹೋದ್ರೆ ಚಾರ್ಜರ್‌ದು, ಹೋಗ್ಲಿಲ್ಲ ಅಂದ್ರೆ ಮೈಕ್ ಕೇಬಲ್ಲು ಕರೆಂಟ್ ವೈರ್ ಪಕ್ಕದಲ್ಲೇ ಮಲಗಿದ್ಯಾ ನೋಡಿ. ಹಳೇದಕ್ಕೆ ಆ ಮೂರು ಜಾಗದಲ್ಲಿ ಕಿರಿದಾಗಿ ನಾಚ್ (ಆ ಒಂದೇ ಜಾಗದ ಸದ್ದು ಕತ್ತರಿಸೋ ಫಿಲ್ಟರ್) ಹಾಕಿ, ಅಗಲ ಮಾಡ್ಬೇಡಿ, ಮಾಡಿದ್ರೆ ಗಂಡಸರ ಧ್ವನಿ ಬುಡವೇ ಹೋಗತ್ತೆ.

770 ತಗೊಳ್ಳಿ, ಒಳ್ಳೇ ಆಯ್ಕೆ. ವೈರ್ ಬಿಚ್ಚೋಕೆ ಬರಲ್ಲ, ಎಂ50ಎಕ್ಸ್‌ನಲ್ಲಿ ಬರತ್ತೆ, ಸಭೇಲಿ ಯಾರಾದ್ರೂ ಎಡವದಂಗೆ ಕಟ್ಟಿಡಿ. ಬಂದ ಮೇಲೆ ಒಂದು ವಾರ ಮಿಕ್ಸ್ ಮಾಡ್ಬೇಡಿ, ನಿಮಗೆ ಬಾಯಿಪಾಠ ಆಗಿರೋ ಚೆನ್ನಾಗಿ ರೆಕಾರ್ಡ್ ಆಗಿರೋ ಹಳೇ ಪ್ರಸಂಗಗಳನ್ನ ಅದ್ರಲ್ಲೇ ಕೇಳಿ, ಅದ್ರಲ್ಲಿ ಚಕ್ರತಾಳ ಎಷ್ಟು ಚುರುಕಾಗಿ ಕೇಳ್ಸತ್ತೋ ನಿಮ್ಮ ಮಿಕ್ಸಲ್ಲೂ ಅಷ್ಟೇ ಇರ್ಲಿ. ಮತ್ತೆ ಅರ್ಧ ಬೆಲೆಗೆ ಸಿಕ್ತು ಅಂತ ಗೊತ್ತಿಲ್ಲದ ಕಡೆ ತಗೋಬೇಡಿ, ಈ ಮಾಡೆಲ್‌ಗಳಿಗೆಲ್ಲಾ ಡೂಪ್ಲಿಕೇಟ್ ಬರತ್ತೆ, ಬಾಕ್ಸ್ ನೋಡಿದ್ರೆ ಗೊತ್ತಾಗಲ್ಲ. ಬಿಲ್ಲು, ವಾರಂಟಿ ಕೊಡೋ ಡೀಲರ್ ಹತ್ರನೇ ತಗೊಳ್ಳಿ.

ಚಕ್ರತಾಳ:
ಆಯ್ತು, ಹಾಗೇ ಮಾಡ್ತೇನೆ. ಹಳೆ ರೆಕಾರ್ಡಿಂಗ್‌ನ ಎರಡು ನಿಮಿಷದ ತುಂಡಿಗೆ ನಾಚ್ ಹಾಕಿ ಇಲ್ಲೇ ಹಾಕ್ತೇನೆ, ಮೊದಲಿನದ್ದೂ ಒಟ್ಟಿಗೆ. ಭಾಗವತರ ಸ್ವರ ತೆಳ್ಳಗಾಗಿದ್ರೆ ಮುಲಾಜಿಲ್ಲದೆ ಹೇಳಿ.